ಮೂವತ್ತು ವ್ಯಾಟಿನ ಆಕಾಶವಾಣಿ: ಬಾನುಲಿಯ ಚರಿತ್ರೆಯಲ್ಲಿ 1935



ಈಗಿನ ಬಿಳಿ ದೀಪಗಳು ಬರುವ ಮುಂಚೆ ನಮ್ಮ ಮನೆಗಳ ಬಚ್ಚಲಲ್ಲಿ, ಕೊಟ್ಟಿಗೆಯಲ್ಲಿ ಹಳದಿ ಬೆಳಕಿನ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು. ಸಾಮಾನ್ಯವಾಗಿ ಅದು 40 ವ್ಯಾಟಿನದು. ಅದರ ಕೆಳಗೆ ಕೂತು ಓದಿದರೆ ಕಣ್ಣು ಹಾಳಾಗುತ್ತದೆಂದು ಹಿರಿಯರು ಗದರುತ್ತಿದ್ದರು. ಅಷ್ಟು ಮಂಕು ಬೆಳಕು. ಆ ಬಲ್ಬಿಗಿಂತಲೂ ಕಡಿಮೆ, ಕೇವಲ 30 ವ್ಯಾಟ್ ಶಕ್ತಿಯ ಒಂದು ಯಂತ್ರದಿಂದ 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಒಂದು ಬಾನುಲಿ ಕೇಂದ್ರ ಆರಂಭವಾಯಿತು. ಅದನ್ನು ಆರಂಭಿಸಿದ್ದು ಸರ್ಕಾರವಲ್ಲ, ಕಂಪನಿಯಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರೊಬ್ಬರು, ತಮ್ಮ ಸ್ವಂತ ಮನೆಯಲ್ಲಿ. ಅವರ ಹೆಸರು ಡಾ. ಎಂ. ವಿ. ಗೋಪಾಲಸ್ವಾಮಿ. ಒಂಟಿಕೊಪ್ಪಲಿನ ಆ ಮನೆಯ ಹೆಸರು ವಿಠಲ ವಿಹಾರ.

ಮೈಸೂರಿಗೆ ಮರಳಿ ಬರೋಣ. ಅದಕ್ಕೆ ಮುಂಚೆ ಆ ವರ್ಷ ಲೋಕದ ಬೇರೆ ಕಡೆಗಳಲ್ಲಿ ಬಾನುಲಿಗೆ ಏನೇನಾಯಿತು ಎಂಬುದನ್ನು ನೋಡಬೇಕು. 1935 ಒಂದು ವಿಚಿತ್ರ ವರ್ಷ. ಮುಂದಿನ ಅರ್ಧ ಶತಮಾನದ ಪ್ರಸಾರಕ್ಕೆ ಬೇಕಾದ ಹಲವು ಸಾಧನಗಳು ಆ ಹನ್ನೆರಡು ತಿಂಗಳಲ್ಲೇ ಬೆಳಕಿಗೆ ಬಂದವು. ಆದರೆ ಯಂತ್ರ ಹುಟ್ಟಿದ ಮಾತ್ರಕ್ಕೆ ಅದು ಜನರ ಕೈಗೆ ಬರುವುದಿಲ್ಲ. ಅದು ಯಾರ ಕೈಯಲ್ಲಿದೆ, ಅವರು ಅದನ್ನು ಯಾವುದಕ್ಕೆ ಹೂಡುತ್ತಾರೆ ಎಂಬುದೇ ಅದರ ಹಣೆಬರಹವನ್ನು ನಿರ್ಧರಿಸುತ್ತದೆ. ನಾನು ಹೇಳಹೊರಟಿರುವುದು ಆ ಹಣೆಬರಹಗಳ ಕತೆ.

ಮೊದಲು ಇಂಗ್ಲೆಂಡಿಗೆ ಹೋಗೋಣ. ಡಾವೆಂಟ್ರಿ ಎಂಬ ಊರಿನ ಗುಡ್ಡದ ಮೇಲೆ ಬಿಬಿಸಿಯ ಕಿರುತರಂಗ ಪ್ರೇಷಕ ಇತ್ತು. ಕಡಲಾಚೆಯ ವಸಾಹತುಗಳಿಗೆ ಲಂಡನ್ನಿನ ಸುದ್ದಿ, ಸಂಗೀತ ಮುಟ್ಟಿಸುವುದು ಅದರ ಕೆಲಸ. ಅದೇ ಹೊತ್ತಿಗೆ ಬ್ರಿಟನ್ನಿನ ವಾಯುಪಡೆಯ ಸಚಿವಾಲಯಕ್ಕೆ ಒಂದು ಚಿಂತೆ ಹತ್ತಿತ್ತು. ಶತ್ರುವಿನ ವಿಮಾನವನ್ನು ರೇಡಿಯೋ ಕಿರಣದಿಂದ ಕೊಲ್ಲಲು ಸಾಧ್ಯವೇ ಎಂದು ಅವರು ವಿಜ್ಞಾನಿ ರಾಬರ್ಟ್ ವಾಟ್ಸನ್ ವಾಟ್ ಅವರನ್ನು ಕೇಳಿದರು. ವಾಟ್ಸನ್ ವಾಟ್ ತಮ್ಮ ಸಹಾಯಕ ಆರ್ನಾಲ್ಡ್ ವಿಲ್ಕಿನ್ಸ್ ಅವರಿಗೆ ಒಂದು ಲೆಕ್ಕ ಕೊಟ್ಟರು. ಎಂಟು ಪಿಂಟ್ ನೀರನ್ನು ದೂರದಿಂದಲೇ 98 ಡಿಗ್ರಿ ಫ್ಯಾರನ್‌ಹೀಟ್‌ನಿಂದ 105 ಡಿಗ್ರಿಗೆ ಕಾಯಿಸಲು ಎಷ್ಟು ರೇಡಿಯೋ ಶಕ್ತಿ ಬೇಕು? ನೀವು ಜಾಣರು, ಆ ಎಂಟು ಪಿಂಟ್ ಏನೆಂದು ಊಹಿಸಿರುತ್ತೀರಿ. ಮನುಷ್ಯನ ಮೈಯಲ್ಲಿರುವ ರಕ್ತ! ವಿಲ್ಕಿನ್ಸ್ ಕೂಡ ಊಹಿಸಿದರು. ಲೆಕ್ಕ ಹಾಕಿ, ಇದು ಆಗದ ಮಾತು ಎಂದರು. ಆದರೆ ಜೊತೆಗೊಂದು ಮಾತು ಸೇರಿಸಿದರು. ವಿಮಾನ ಹತ್ತಿರ ಹಾರಿದಾಗ ರೇಡಿಯೋ ಸಂಕೇತ ಕದಡುತ್ತದೆಂದು ಅಂಚೆ ಇಲಾಖೆಯ ಎಂಜಿನಿಯರುಗಳು ಹಿಂದೆಯೇ ಗಮನಿಸಿದ್ದರು. ಕೊಲ್ಲಲಾಗದಿದ್ದರೆ ಬೇಡ, ಕಂಡುಹಿಡಿಯಬಹುದಲ್ಲ?

1935ರ ಫೆಬ್ರವರಿ 26ರ ಬೆಳಿಗ್ಗೆ ಡಾವೆಂಟ್ರಿಗೆ ಹತ್ತಿರದ ಒಂದು ಬಯಲಿನಲ್ಲಿ ಗಾಡಿಯೊಳಗೆ ಉಪಕರಣ ಇಟ್ಟುಕೊಂಡು ಇವರು ಕಾದರು. ಮೇಲೆ ಹೇಫೋರ್ಡ್ ಎಂಬ ಬಾಂಬರ್ ವಿಮಾನ ಹಿಂದಕ್ಕೂ ಮುಂದಕ್ಕೂ ಹಾರಿತು. ಬಿಬಿಸಿಯ ಅಲೆಗಳು ವಿಮಾನಕ್ಕೆ ತಾಗಿ ಮರಳಿದವು. ಗಾಡಿಯೊಳಗಿನ ಪರದೆಯ ಮೇಲೆ ಹಸಿರು ಗೆರೆ ಏರಿತು, ಇಳಿಯಿತು. ಸುಮಾರು 13 ಕಿಲೋಮೀಟರ್ ದೂರದವರೆಗೂ ವಿಮಾನದ ಸುಳಿವು ಸಿಕ್ಕಿತು. ಇದೇ ಬ್ರಿಟನ್ನಿನ ರೇಡಾರಿನ ಹುಟ್ಟು. ಹಾಡು, ಸುದ್ದಿ ಕಳಿಸುತ್ತಿದ್ದ ಯಂತ್ರ ಒಂದು ಬೆಳಿಗ್ಗೆಯಲ್ಲಿ ದೇಶದ ಕಾವಲುಗಣ್ಣಾಯಿತು. ಐದು ವರ್ಷಗಳ ಬಳಿಕ ಯುದ್ಧದಲ್ಲಿ ಅದರ ಉಪಯೋಗ ಏನಾಯಿತೆಂಬುದನ್ನು ನಿಮ್ಮ ಚರಿತ್ರೆಯ ಪುಸ್ತಕ ಹೇಳುತ್ತದೆ.

ಇನ್ನು ಜರ್ಮನಿ. ಈ ಭಾಷಣವನ್ನು ನೀವು ದೂರದರ್ಶನದಲ್ಲಿ ನೋಡುತ್ತಿರುವುದರಿಂದ ಒಂದು ದಿನಾಂಕವನ್ನು ಹೇಳಲೇಬೇಕು. 1935ರ ಮಾರ್ಚ್ 22ರಂದು ಬರ್ಲಿನ್ನಿನಲ್ಲಿ ನಿಯತವಾದ ದೂರದರ್ಶನ ಪ್ರಸಾರ ಆರಂಭವಾಯಿತು. ಮನೆಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ. ಜನ ಸಾರ್ವಜನಿಕ ಕೊಠಡಿಗಳಲ್ಲಿ ಗುಂಪಾಗಿ ಕೂತು ನೋಡುತ್ತಿದ್ದರು. ನಮ್ಮ ಊರುಗಳಲ್ಲಿ ರಾಮಾಯಣ ಧಾರಾವಾಹಿ ಬರುತ್ತಿದ್ದ ಭಾನುವಾರಗಳನ್ನು ಕಂಡ ಹಿರಿಯರಿಗೆ ಆ ದೃಶ್ಯ ಹೊಸದೆನಿಸುವುದಿಲ್ಲ.

ಅದೇ ಬರ್ಲಿನ್ನಿನಲ್ಲಿ ಆಗಸ್ಟ್ ತಿಂಗಳಲ್ಲಿ ದೊಡ್ಡ ರೇಡಿಯೋ ಪ್ರದರ್ಶನ ನಡೆಯಿತು. ಅಲ್ಲಿ ಎಇಜಿ ಕಂಪನಿ ಮ್ಯಾಗ್ನೆಟೋಫೋನ್ ಎಂಬ ಯಂತ್ರವನ್ನಿಟ್ಟಿತ್ತು. ಕಬ್ಬಿಣದ ಪುಡಿ ಲೇಪಿಸಿದ ತೆಳು ಪಟ್ಟಿಯ ಮೇಲೆ ಶಬ್ದವನ್ನು ಹಿಡಿದಿಡುವ ಯಂತ್ರ, ಅಂದರೆ ಟೇಪ್ ರೆಕಾರ್ಡರ್. ಅಲ್ಲಿಯವರೆಗೆ ಬಾನುಲಿಯ ಮಾತು ಬಹುಮಟ್ಟಿಗೆ ಆ ಕ್ಷಣದ ಮಾತು, ಇಲ್ಲವೇ ಗ್ರಾಮಫೋನ್ ತಟ್ಟೆಯ ಮಾತು. ನಾಟಕವಾದರೆ ನಟರೆಲ್ಲ ಅದೇ ಹೊತ್ತಿಗೆ ಧ್ವನಿವರ್ಧಕದ ಮುಂದೆ ನಿಲ್ಲಬೇಕು, ಕೆಮ್ಮು ಬಂದರೆ ಕೆಮ್ಮೂ ಪ್ರಸಾರವಾಗಬೇಕು. ಟೇಪು ಬಂದ ಮೇಲೆ ತಪ್ಪನ್ನು ಕತ್ತರಿಸಿ ಅಂಟಿಸಬಹುದಾಯಿತು. ಪ್ರದರ್ಶನದ ನಡುವೆ ಆಗಸ್ಟ್ 19ರಂದು ಅಲ್ಲಿನ ಒಂದು ಸಭಾಂಗಣಕ್ಕೆ ಬೆಂಕಿ ಬಿದ್ದಿತು. ಯಂತ್ರ ಸುಟ್ಟರೂ ಕಲ್ಪನೆ ಸುಡಲಿಲ್ಲ. ಆದರೆ ಹತ್ತು ವರ್ಷ, ಯುದ್ಧ ಮುಗಿಯುವವರೆಗೆ, ಅದು ಜರ್ಮನಿಯಲ್ಲೇ ಉಳಿಯಿತು. ಹೊರಗಿನವರಿಗೆ ಅದರ ಪೂರ್ಣ ಅರಿವಾದದ್ದು 1945ರಲ್ಲಿ.

ಆಗ ಜರ್ಮನಿಯಲ್ಲಿ ನಾತ್ಸಿಗಳ ಆಳ್ವಿಕೆ. 76 ಮಾರ್ಕ್ ಬೆಲೆಯ ಅಗ್ಗದ 'ಜನತಾ ರೇಡಿಯೋ'ವನ್ನು ಅವರು 1933ರಲ್ಲೇ ಮಾರುಕಟ್ಟೆಗೆ ತಂದಿದ್ದರು. ಅದರ ಮಾದರಿ ಸಂಖ್ಯೆ 301. ಹಿಟ್ಲರ್ ಅಧಿಕಾರಕ್ಕೆ ಬಂದ ದಿನ ಜನವರಿ 30, ಮೊದಲನೆಯ ತಿಂಗಳು. ಮನೆಗೆ ತಂದ ಪೆಟ್ಟಿಗೆಯ ನಂಬರಿನಲ್ಲೂ ನಾಯಕನ ನೆನಪು! ಇಟಲಿಯಲ್ಲಿ ಇನ್ನೂ ನೇರ. 1935ರ ಅಕ್ಟೋಬರ್ 2ರ ಸಂಜೆ ದೇಶದ ಊರೂರಿನ ಚೌಕಗಳಲ್ಲಿ ಜನರನ್ನು ಸೇರಿಸಿ, ಧ್ವನಿವರ್ಧಕಗಳಲ್ಲಿ ಮುಸೋಲಿನಿಯ ಭಾಷಣ ಕೇಳಿಸಲಾಯಿತು. ಮರುದಿನ ಇಟಲಿಯ ಸೇನೆ ಇಥಿಯೋಪಿಯಾದ ಗಡಿ ದಾಟಿತು. ಅಲ್ಲಿ ಬಾನುಲಿಗೆ ಒಂದೇ ಬಾಯಿ, ಕೇಳುವವರಿಗೆ ಕಿವಿ ಮಾತ್ರ.

ಈಗ ಅಮೆರಿಕಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನೀವು ಮೊಬೈಲಿನಲ್ಲೋ ಕಾರಿನಲ್ಲೋ ಕೇಳುವ ಎಫ್ಎಂ ಲೋಕದ ಮುಂದೆ ಬಂದದ್ದು ಆ ವರ್ಷ, ಮತ್ತು ಅದನ್ನು ಕಂಡುಹಿಡಿದವನ ಪಾಡು ನೆನೆದರೆ ಮನಸ್ಸು ಭಾರವಾಗುತ್ತದೆ.

ನನ್ನ ಬಾಲ್ಯದಲ್ಲಿ ನಮ್ಮೂರಿನ ಪಂಚಾಯಿತಿ ಕಟ್ಟಡದಲ್ಲಿ ಒಂದು ರೇಡಿಯೋ ಇತ್ತು. ಮುಂಗಾರಿನ ಮೊದಲ ಗುಡುಗು ಕೇಳುವ ಮುಂಚೆಯೇ ಆ ಪೆಟ್ಟಿಗೆ ಗೊರಗೊರ ಎನ್ನುತ್ತಿತ್ತು. ಹವಾ ವರ್ತಮಾನ ಓದುವವರಿಗಿಂತ ಮುಂಚೆ ರೇಡಿಯೋದ ಗೊರಕೆಯೇ ಮಳೆ ಬರುವುದನ್ನು ಹೇಳುತ್ತಿತ್ತು. ಏಕೆ ಹಾಗೆ? ಬಾನುಲಿ ಕೇಂದ್ರದಿಂದ ಹೊರಡುವ ಅಲೆಗೆ ಒಂದು ಎತ್ತರವಿದೆ, ಮತ್ತು ಸೆಕೆಂಡಿಗೆ ಅದು ಎಷ್ಟು ಸಲ ಕಂಪಿಸುತ್ತದೆ ಎಂಬ ಆವೃತ್ತಿಯಿದೆ. ಹಳೆಯ ಪದ್ಧತಿಯಲ್ಲಿ, ಅಂದರೆ ಎಎಂನಲ್ಲಿ, ಮಾತಿಗೆ ತಕ್ಕಂತೆ ಅಲೆಯ ಎತ್ತರವನ್ನು ಏರಿಸಿ ಇಳಿಸುತ್ತಾರೆ. ಮಿಂಚೂ ಅದನ್ನೇ ಮಾಡುತ್ತದೆ. ಅಲೆಯ ಎತ್ತರಕ್ಕೆ ತನ್ನದೊಂದಿಷ್ಟನ್ನು ಸೇರಿಸುತ್ತದೆ. ಯಾವುದು ಮಾತು, ಯಾವುದು ಮಿಂಚು ಎಂದು ಪಾಪ, ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಎರಡನ್ನೂ ನಿಷ್ಠೆಯಿಂದ ಕೇಳಿಸುತ್ತದೆ.

ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದಕ್ಕೆ ಉಪಾಯ ಹುಡುಕಿದರು. ಅಲೆಯ ಎತ್ತರವನ್ನು ಹಾಗೇ ಬಿಟ್ಟು, ಮಾತಿಗೆ ತಕ್ಕಂತೆ ಆವೃತ್ತಿಯನ್ನು ಬದಲಿಸಿದರೆ? ಗ್ರಾಹಕ ಯಂತ್ರ ಎತ್ತರದ ಏರಿಳಿತವನ್ನೆಲ್ಲ ಕತ್ತರಿಸಿ ಹಾಕಿ, ಆವೃತ್ತಿಯನ್ನು ಮಾತ್ರ ಗಮನಿಸಿದರೆ? ಮಿಂಚು ಸೇರಿಸಿದ್ದು ಕಸದ ಬುಟ್ಟಿಗೆ ಹೋಗುತ್ತದೆ, ಮಾತು ಉಳಿಯುತ್ತದೆ. ಈ ಯೋಚನೆ ಅವರೊಬ್ಬರದೇ ಅಲ್ಲ. ಆದರೆ 1922ರಲ್ಲಿ ಜಾನ್ ಕಾರ್ಸನ್ ಎಂಬ ಗಣಿತಜ್ಞ ಎಂಜಿನಿಯರ್ ಇದರಿಂದ ಲಾಭವಿಲ್ಲವೆಂದು ಲೆಕ್ಕದಲ್ಲೇ ತೋರಿಸಿದ್ದರು. ಎಲ್ಲರೂ ಅಲ್ಲಿಗೆ ಕೈಬಿಟ್ಟರು. ಕಾರ್ಸನ್ನರ ಲೆಕ್ಕ ತಪ್ಪಲ್ಲ. ಆವೃತ್ತಿಯನ್ನು ಸ್ವಲ್ಪವೇ ಬದಲಿಸಿದರೆ ಲಾಭವಿಲ್ಲ ನಿಜ. ಧಾರಾಳವಾಗಿ, ಅಗಲವಾಗಿ ಬದಲಿಸಿದರೆ? ಆರ್ಮ್‌ಸ್ಟ್ರಾಂಗ್ ಹಿಡಿದದ್ದು ಆ ದಾರಿ. ವಿಜ್ಞಾನ ಓದುವವರು ಇದನ್ನು ಗಮನಿಸಬೇಕು. ಒಂದು ಲೆಕ್ಕ ಸರಿಯಾಗಿದ್ದೂ, ಅದರಿಂದ ಜನ ತೆಗೆದ ತೀರ್ಮಾನ ತಪ್ಪಾಗಿರಬಹುದು.

1935ರ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ ರೇಡಿಯೋ ಎಂಜಿನಿಯರುಗಳ ಸಭೆ. ಆರ್ಮ್‌ಸ್ಟ್ರಾಂಗ್ ಪ್ರಬಂಧ ಓದಿದರು. ಬಳಿಕ ವೇದಿಕೆಯ ಮೇಲಿದ್ದ ಗ್ರಾಹಕ ಯಂತ್ರವನ್ನು ಚಾಲೂ ಮಾಡಿದರು. ಹೊರವಲಯದ ಯಾಂಕರ್ಸ್ ಎಂಬಲ್ಲಿ ಅವರ ಗೆಳೆಯ ರನ್ಯನ್ ಅವರ ಮನೆಯಿಂದ ಪ್ರಸಾರ. ಮೊದಲು ಯಂತ್ರದಲ್ಲಿ ನಿಶ್ಶಬ್ದ. ಅಷ್ಟು ನಿಶ್ಶಬ್ದವನ್ನು ಆ ಎಂಜಿನಿಯರುಗಳು ರೇಡಿಯೋದಲ್ಲಿ ಕೇಳಿರಲಿಲ್ಲ. ಆಮೇಲೆ ಲೋಟಕ್ಕೆ ನೀರು ಸುರಿಯುವ ಸದ್ದು. ಕಾಗದವನ್ನು ಮುದುರುವ, ಹರಿಯುವ ಸದ್ದು. ಎಎಂ ರೇಡಿಯೋದಲ್ಲಿ ಈ ಎರಡೂ ಒಂದೇ ತರಹದ ಬುಸಬುಸ. ಇಲ್ಲಿ ನೀರು ನೀರಾಗಿ, ಕಾಗದ ಕಾಗದವಾಗಿ ಕೇಳಿತು.

ಇಷ್ಟಾದ ಮೇಲೆ ಲೋಕ ಎಫ್ಎಂ ಅನ್ನು ಎದ್ದು ಸ್ವಾಗತಿಸಿರಬೇಕು ಎಂದುಕೊಂಡಿರಾ? ಇಲ್ಲ. ಮಿಂಚಿನ ಗಲಾಟೆ ಹೋಗಲಾಡಿಸುವ ಉಪಾಯ ಕೊಡಿ ಎಂದು ವರ್ಷಗಳ ಹಿಂದೆ ಆರ್ಮ್‌ಸ್ಟ್ರಾಂಗರನ್ನು ಕೇಳಿದ್ದವರು ಆರ್‌ಸಿಎ ಕಂಪನಿಯ ಡೇವಿಡ್ ಸಾರ್ನಾಫ್. ಇಬ್ಬರೂ ಹಳೆಯ ಗೆಳೆಯರು. ಆರ್ಮ್‌ಸ್ಟ್ರಾಂಗರ ಪತ್ನಿ ಮರಿಯನ್ ಮದುವೆಗೆ ಮುಂಚೆ ಸಾರ್ನಾಫರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದವರು. 1934ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ಪ್ರಯೋಗಕ್ಕೆ ಜಾಗ ಕೊಟ್ಟದ್ದೂ ಆರ್‌ಸಿಎ. ಆದರೆ ಕೈಗೆ ಬಂದದ್ದು ಕಂಪನಿ ಬಯಸಿದ ಸಣ್ಣ ಉಪಾಯವಲ್ಲ. ಹೊಸ ಪ್ರೇಷಕ, ಹೊಸ ಪೆಟ್ಟಿಗೆ, ಎಲ್ಲವೂ ಹೊಸದಾಗಬೇಕು. ಹಳೆಯ ವ್ಯವಸ್ಥೆಯಿಂದ ಚೆನ್ನಾಗಿ ಗಳಿಸುತ್ತಿದ್ದವರಿಗೆ ಅದೇಕೆ ಬೇಕು? 1935ರ ವಸಂತದಲ್ಲಿ ನಿಮ್ಮ ಉಪಕರಣ ತೆಗೆಯಿರಿ ಎಂದು ಆರ್ಮ್‌ಸ್ಟ್ರಾಂಗರಿಗೆ ಹೇಳಲಾಯಿತು. ಅದೇ ಮೇ ತಿಂಗಳಲ್ಲಿ ಕಂಪನಿ ಟೆಲಿವಿಷನ್ ಪ್ರಯೋಗಕ್ಕೆ ಹತ್ತು ಲಕ್ಷ ಡಾಲರ್ ಹೂಡುವುದಾಗಿ ಸಾರಿತು.

ಕಂಪನಿಗೂ ತನ್ನದೊಂದು ನ್ಯಾಯವಿತ್ತೆನ್ನಿ. ಟೆಲಿವಿಷನ್ ಬರುವುದು ಖಚಿತವೆಂದು ಅವರು ನಂಬಿದ್ದರು, ಅದು ಸುಳ್ಳೂ ಆಗಲಿಲ್ಲ. ಆರ್ಮ್‌ಸ್ಟ್ರಾಂಗ್ ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಗೋಪುರ ಕಟ್ಟಿಸಿ 1939ರಲ್ಲಿ ನಿಯತ ಪ್ರಸಾರ ನಡೆಸಿದರು. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅಮೆರಿಕ ಸರ್ಕಾರ ಎಫ್ಎಂಗೆ ಕೊಟ್ಟಿದ್ದ ಆವೃತ್ತಿಗಳನ್ನೇ ಬದಲಾಯಿಸಿತು. ಜನ ಅದುವರೆಗೆ ಕೊಂಡಿದ್ದ ಎಫ್ಎಂ ಪೆಟ್ಟಿಗೆಗಳೆಲ್ಲ ಮೂಲೆ ಸೇರಿದವು. 1948ರಲ್ಲಿ ಆರಂಭವಾದ ಪೇಟೆಂಟ್ ಮೊಕದ್ದಮೆ ಅವರ ಹಣವನ್ನೂ ಆರೋಗ್ಯವನ್ನೂ ಸಂಸಾರದ ನೆಮ್ಮದಿಯನ್ನೂ ತಿಂದಿತು. 1954ರ ಜನವರಿ 31ರಂದು ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಮರಿಯನ್ ಮೊಕದ್ದಮೆಗಳನ್ನು ಬಿಡಲಿಲ್ಲ. ಕೊನೆಯದು ಅವರ ಪರವಾಗಿ ಮುಗಿದದ್ದು 1967ರಲ್ಲಿ. ನಮ್ಮ ದೇಶದಲ್ಲಿ ಎಫ್ಎಂ ಪ್ರಸಾರ ಮೊದಲು ಕೇಳಿದ್ದು 1977ರಲ್ಲಿ, ಮದರಾಸಿನಲ್ಲಿ. ಆ ನವೆಂಬರಿನ ಸಭೆಯಿಂದ ಎಣಿಸಿ ನೋಡಿ, ನಲವತ್ತು ವರ್ಷ ದಾಟಿತ್ತು.

ಇನ್ನು ನಮ್ಮ ನೆಲಕ್ಕೆ ಬರೋಣ. ಭಾರತದಲ್ಲಿ ಆಗ ಬ್ರಿಟಿಷ್ ಸರ್ಕಾರದ ಪ್ರಸಾರ ಸೇವೆ ಬಡಕಲಾಗಿತ್ತು. 1927ರಲ್ಲಿ ಮುಂಬಯಿ, ಕಲ್ಕತ್ತಗಳಲ್ಲಿ ಕೇಂದ್ರ ತೆರೆದ ಖಾಸಗಿ ಕಂಪನಿ ಮೂರೇ ವರ್ಷದಲ್ಲಿ ಮುಚ್ಚಿತ್ತು. ಸರ್ಕಾರ 1930ರಲ್ಲಿ ಅರೆಮನಸ್ಸಿನಿಂದ ಅದನ್ನು ವಹಿಸಿಕೊಂಡಿತ್ತು. 1935ರಲ್ಲಿ ಅಲ್ಲೂ ಚಲನೆ ಬಂತು. ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ನಿಜಾಮ ಸರ್ಕಾರದ ಕೇಂದ್ರ ಪ್ರಸಾರ ಆರಂಭಿಸಿತು. ಬೀದರ, ಗುಲಬರ್ಗಾ, ರಾಯಚೂರುಗಳು ಆಗ ಆ ರಾಜ್ಯಕ್ಕೆ ಸೇರಿದ್ದವು. ಆಗಸ್ಟ್ ಕೊನೆಯಲ್ಲಿ ಬಿಬಿಸಿಯಿಂದ ಲಯನೆಲ್ ಫೀಲ್ಡನ್ ಎಂಬುವರು ಭಾರತದ ಪ್ರಸಾರದ ಮುಖ್ಯಾಧಿಕಾರಿಯಾಗಿ ಬಂದಿಳಿದರು. ಮುಂದಿನ ವರ್ಷದ ಮೊದಲ ದಿನವೇ ದಿಲ್ಲಿ ಕೇಂದ್ರ ತೆರೆಯಿತು. 1936ರ ಜೂನಿನಲ್ಲಿ ಸೇವೆಗೆ ಆಲ್ ಇಂಡಿಯಾ ರೇಡಿಯೋ ಎಂದು ಹೆಸರಾಯಿತು. ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. 1935ರ ಭಾರತ ಸರ್ಕಾರ ಕಾಯಿದೆಯನ್ನು ನೀವು ಪರೀಕ್ಷೆಗೆ ಓದುತ್ತೀರಿ, ಪ್ರಾಂತೀಯ ಸ್ವಾಯತ್ತತೆ ಇತ್ಯಾದಿ. ಅದರ 129ನೆಯ ಪ್ರಕರಣ ಬಾನುಲಿಯ ಬಗ್ಗೆ. ಪ್ರಾಂತಗಳಾಗಲಿ ಸಂಸ್ಥಾನಗಳ ಅರಸರಾಗಲಿ ಪ್ರೇಷಕ ಕಟ್ಟಿ ನಡೆಸಲು ಬಯಸಿದರೆ ಕೇಂದ್ರ ವಿನಾಕಾರಣ ತಡೆಯಕೂಡದು ಎಂದಿತ್ತು. ಪ್ರಾಂತ ಸರಿ, ಅರಸರೂ ಸರಿ. ಸಾಮಾನ್ಯ ಪ್ರಜೆ?

ಆ ಪ್ರಶ್ನೆ ಕಾಗದದ ಮೇಲೆ ಏಳುವ ಮುಂಚೆಯೇ ಒಂಟಿಕೊಪ್ಪಲಿನ ಮನೆಯಲ್ಲಿ ಯಂತ್ರ ಸಿದ್ಧವಾಗಿತ್ತು. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಹೆಸರಾಂತ ಮನಶ್ಶಾಸ್ತ್ರಜ್ಞರ ಬಳಿ ಕಲಿತು ಬಂದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಮನಸ್ಸು ಹೇಗೆ ಕಲಿಯುತ್ತದೆ ಎಂದು ಪಾಠ ಹೇಳುವವರಿಗೆ, ಕಾಣದ ಜನರ ಕಿವಿಗೆ ಮಾತು ಮುಟ್ಟಿಸುವ ಈ ಪೆಟ್ಟಿಗೆ ಆಟಿಕೆಯಾಗಿ ಕಂಡಿರಲಾರದು. ಮೈಸೂರಿನಂಥ ಊರಿನಲ್ಲಿ ಇದು ಸಾಧ್ಯವಾದದ್ದಕ್ಕೆ ಬೇರೆ ಕಾರಣವೂ ಇದೆ. ಶಿವನಸಮುದ್ರದ ವಿದ್ಯುತ್ತು 1902ರಿಂದ ಹರಿಯುತ್ತಿತ್ತು. ಊರಿನಲ್ಲಿ ಸಂಗೀತಗಾರರಿದ್ದರು, ಕವಿಗಳಿದ್ದರು, ಕಾಲೇಜಿನ ಅಧ್ಯಾಪಕರಿದ್ದರು. ಬೇಕಾದದ್ದು ಒಂದು ಧ್ವನಿವರ್ಧಕ ಮತ್ತು ಅದರ ಮುಂದೆ ಜನರನ್ನು ಕರೆತರುವ ಹುಮ್ಮಸ್ಸು ಮಾತ್ರ.

30 ವ್ಯಾಟಿನ ಅಲೆ ಎಷ್ಟು ದೂರ ಹೋದೀತು? ಡಾವೆಂಟ್ರಿಯ ಪ್ರೇಷಕದ ಮುಂದೆ ಅದು ದೀವಟಿಗೆಯ ಮುಂದಿನ ಮಿಂಚುಹುಳು. ಮುಂದೆ ಗೋಪಾಲಸ್ವಾಮಿಯವರು 250 ವ್ಯಾಟಿನ ಪ್ರೇಷಕವನ್ನು ತರಿಸಿದರು. ಸ್ವಂತ ಹಣ ಹೋಯಿತು. ಸಾರ್ವಜನಿಕರೂ ಮೈಸೂರು ಪುರಸಭೆಯೂ ನೆರವಾದರು. ಕೇಂದ್ರದ ಹೆಸರು 'ಆಕಾಶವಾಣಿ'. ಆ ಹೆಸರಿನೊಂದಿಗೆ ಗೋಪಾಲಸ್ವಾಮಿಯವರ ಜೊತೆಗೆ ಅವರ ಸಹೋದ್ಯೋಗಿ, ನಮ್ಮ ಹಾಸ್ಯ ಲೇಖಕ ನಾ. ಕಸ್ತೂರಿಯವರ ಹೆಸರೂ ಕೇಳಿಬರುತ್ತದೆ. ಕೆಲವು ವರ್ಷಗಳ ಬಳಿಕ ರವೀಂದ್ರನಾಥ ಠಾಕೂರರೂ ಕಲ್ಕತ್ತದ ಬಾನುಲಿಗಾಗಿ ಬರೆದ ಕವನಕ್ಕೆ ಇದೇ ಹೆಸರಿಟ್ಟರು. ಪುರಾಣಗಳಲ್ಲಿ ಈ ಪದ ಹಳೆಯದು. ದೇವಕಿಯ ಮದುವೆಯ ರಥ ಹೊಡೆಯುತ್ತಿದ್ದ ಕಂಸನಿಗೆ ಆಕಾಶವಾಣಿ ಕೇಳಿತು, ಆದರೆ ಮಾತಾಡಿದವರು ಯಾರೆಂದು ಕಾಣಲಿಲ್ಲ. ಒಂಟಿಕೊಪ್ಪಲಿನ ಆಕಾಶವಾಣಿ ಹಾಗಲ್ಲ. ಅದು ಯಾರ ಮನೆಯಿಂದ ಬರುತ್ತಿದೆ ಎಂಬುದು ಬೀದಿಗೆಲ್ಲ ಗೊತ್ತು.

ಸುಮಾರು ಆರು ವರ್ಷ ನಡೆಸಿದ ಮೇಲೆ ಕೇಂದ್ರ ಮೈಸೂರು ಸಂಸ್ಥಾನದ ಸರ್ಕಾರಕ್ಕೆ ಹೋಯಿತು. 1950ರಲ್ಲಿ ಭಾರತ ಸರ್ಕಾರದ ಕೈಸೇರಿತು. 1955ರಲ್ಲಿ ಬೆಂಗಳೂರು ಕೇಂದ್ರ ತೆರೆದಾಗ ಪ್ರಸಾರ ಅಲ್ಲಿಗೆ ಹೋಯಿತು. ಮೈಸೂರಿನಲ್ಲಿ ಮತ್ತೆ ಬಾನುಲಿ ಕೇಳಿದ್ದು 1974ರಲ್ಲಿ. ಹೆಸರು ಮಾತ್ರ ಆ ವೇಳೆಗೆ ದೇಶದ್ದಾಗಿತ್ತು. 1957ರಲ್ಲಿ ಆಲ್ ಇಂಡಿಯಾ ರೇಡಿಯೋ 'ಆಕಾಶವಾಣಿ' ಎಂಬುದನ್ನು ಸ್ವೀಕರಿಸಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಎಲ್ಲ ಕಡೆಯೂ ಇದೊಂದನ್ನೇ ಬಳಸಬೇಕೆಂದು ಆಜ್ಞೆಯಾಯಿತು.

ಹೆಸರು ಉಳಿಯಿತು. ಸ್ವಂತ ಮನೆಯಲ್ಲಿ, ಊರಿನವರಿಗಾಗಿ ಕೇಂದ್ರ ನಡೆಸುವ ಸಾಧ್ಯತೆ ಏನಾಯಿತು? ಸ್ವತಂತ್ರ ಭಾರತದಲ್ಲಿ ಅದು ದಶಕಗಳ ಕಾಲ ಇರಲಿಲ್ಲ. 1885ರ ಟೆಲಿಗ್ರಾಫ್ ಕಾಯಿದೆಯ ಆಧಾರದ ಮೇಲೆ ಗಾಳಿಯ ಅಲೆಗಳ ಹಕ್ಕೆಲ್ಲ ಸರ್ಕಾರದ್ದೇ ಆಗಿತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಕ್ರಿಕೆಟ್ ಪಂದ್ಯದ ಪ್ರಸಾರದ ವ್ಯಾಜ್ಯದಲ್ಲಿ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. ಮೈಸೂರಿನ ಆ ಪ್ರಯೋಗಕ್ಕೆ ಆಗ ಅರವತ್ತು ವರ್ಷ. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಅದು ವ್ಯಾಪಾರದ ಕೇಂದ್ರ. ಹಳ್ಳಿಯವರಿಗೆ ಬಾಗಿಲು ಇನ್ನೂ ತೆರೆದಿರಲಿಲ್ಲ.

ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 2003ರಲ್ಲಿ 'ನಮ್ಮ ಧ್ವನಿ' ಎಂದು ತಮ್ಮದೊಂದು ಕೇಂದ್ರ ಮಾಡಿಕೊಂಡರು. ಹಳ್ಳಿಯ ಹೆಣ್ಣುಮಕ್ಕಳೂ ಯುವಕರೂ ಕಾರ್ಯಕ್ರಮ ತಯಾರಿಸಿದರು. ಆದರೆ ಅಲೆಗಳ ಮೂಲಕ ಕಳಿಸಲು ಪರವಾನಗಿ ಇಲ್ಲ. ಹಾಗಾಗಿ ಅವರು ಟೆಲಿವಿಷನ್ ಕೇಬಲ್ಲಿನ ತಂತಿಯಲ್ಲೇ ತಮ್ಮ ಮಾತನ್ನು ಮನೆಗಳಿಗೆ ಮುಟ್ಟಿಸಿದರು. ತಂತಿಯಿಲ್ಲದೆ ಮಾತು ಹೋಗಲೆಂದೇ ಹುಟ್ಟಿದ ಬಾನುಲಿ ಅಲ್ಲಿ ತಂತಿ ಹಿಡಿದು ನಡೆಯಬೇಕಾಯಿತು.

2006ರ ಕೊನೆಗೆ ಬಂದ ನೀತಿ ಊರಿನ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. ಅದಕ್ಕೆ ಹಾಕಿದ ಸಾಮಾನ್ಯ ಮಿತಿ 100 ವ್ಯಾಟ್. ಮುಂದೆ ಮೈಸೂರಿಗೆ ಹೋದಾಗ ಆಕಾಶವಾಣಿ ಕೇಂದ್ರದ ಹತ್ತಿರ ಸ್ವಲ್ಪ ನಿಂತು ನೋಡಿ. 30 ವ್ಯಾಟಿನ ಆ ಯಂತ್ರವಿದ್ದ ವಿಠಲ ವಿಹಾರ ಅಲ್ಲಿಂದ ನಡೆದುಹೋಗುವಷ್ಟೇ ದೂರದಲ್ಲಿತ್ತು.